ಅವಸರದ ಶಾಸನ, ಆಲಸ್ಯದ ಜಾರಿ



2025ರ ಫೆಬ್ರವರಿಯ ಮೊದಲ ವಾರ. ಕಾಗಿನೆಲೆಗೆ ಸಮೀಪದ ಹಳ್ಳಿಯೊಂದರಲ್ಲಿ ಮನೆಭೇಟಿ ಮುಗಿಸಿ ಹೊರಡಲು ಎದ್ದು ನಿಂತಿದ್ದೆ. ಆ ಮನೆಯ ತಾಯಿ ಬಾಗಿಲವರೆಗೆ ಬಂದು, ನೆರೆಯವರಿಗೆ ಕೇಳಿಸದಂತೆ ಧ್ವನಿ ತಗ್ಗಿಸಿ ಕೇಳಿದರು: “ಫಾದರ್, ಕಾಯ್ದೆ ಪಾಸಾಗೇತಿ ಅಂತ ಟೀವ್ಯಾಗ ಹೇಳ್ಯಾರ. ಇನ್ಮ್ಯಾಗ ಅವರು ಬಾಗಲಿಗೆ ಬರಂಗಿಲ್ಲಲ್ರೀ?”

‘ಅವರು’ ಎಂದರೆ ಕಿರುಸಾಲದ ವಾರದ ಕಂತು ವಸೂಲಿ ಮಾಡುವವರು. ಮೆಣಸಿನಕಾಯಿ ಬೆಳೆಗೆಂದು ಮಾಡಿದ ಸಾಲ, ಆ ಸಾಲ ತೀರಿಸಲು ಮತ್ತೊಂದು ಸಾಲ. ಕಂತು ತಪ್ಪಿದ ದಿನ ಅವರು ಜಗಲಿಯ ಮೇಲೆ ಕುಳಿತು ಆಡುತ್ತಿದ್ದ ಮಾತುಗಳನ್ನು ಆ ತಾಯಿ ನನಗೆ ಹೇಳಲಿಲ್ಲ, ಮುಖವೇ ಹೇಳಿತು. ಅದಕ್ಕೆ ಕೆಲವೇ ದಿನಗಳ ಮುಂಚೆ, ಜನವರಿಯಲ್ಲಿ, ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ‘ನಮ್ಮ ಮಾಂಗಲ್ಯ ಉಳಿಸಿಕೊಡಿ’ ಎಂದು ಮುಖ್ಯಮಂತ್ರಿಗಳಿಗೆ ತಾಳಿಯನ್ನೇ ಅಂಚೆಯಲ್ಲಿ ಕಳುಹಿಸಿದ್ದರು. ಸರ್ಕಾರ ಎಚ್ಚೆತ್ತಿತು. ಸಚಿವ ಸಂಪುಟ ಸಭೆ ಸೇರಿತು. ದೂರದರ್ಶನದ ವಾಹಿನಿಗಳು ‘ಕಾಯ್ದೆ ಬಂತು’ ಎಂದು ಸಾರಿದವು.

ಆದರೆ ಕಾಯ್ದೆ ಬಂದಿರಲಿಲ್ಲ. ಬಂದದ್ದು ಸಂಪುಟದ ತೀರ್ಮಾನ ಮಾತ್ರ. ಸುಗ್ರೀವಾಜ್ಞೆಯ ಕರಡು ರಾಜಭವನಕ್ಕೆ ಹೋಯಿತು. ಫೆಬ್ರವರಿ 7ರಂದು ರಾಜ್ಯಪಾಲರು ಆಕ್ಷೇಪಗಳೊಡನೆ ಅದನ್ನು ಹಿಂತಿರುಗಿಸಿದರು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳುಹಿಸಿತು. ಫೆಬ್ರವರಿ 12ರಂದು ಸಹಿ ಬಿತ್ತು. ಈ ನಡುವಿನ ದಿನಗಳಲ್ಲಿ ‘ಅವರು’ ಎರಡು ಬಾರಿ ಬಂದು ಹೋದರು. ಸಹಿ ಬಿದ್ದ ಮೇಲೂ ಆ ತಾಯಿ ಧೈರ್ಯಮಾಡಿ ಠಾಣೆಯ ಮೆಟ್ಟಿಲು ಹತ್ತಿದಾಗ ದೊರೆತ ಉತ್ತರ, “ನಮಗಿನ್ನೂ ಆದೇಶ ಬಂದಿಲ್ಲ, ತಾಯಿ.”

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾನೂನು ಎಂಬುದು ಯಾವಾಗ ಹುಟ್ಟುತ್ತದೆ? ಸಂಪುಟದ ಮೇಜಿನ ಮೇಲೆಯೇ, ಸದನದಲ್ಲಿಯೇ, ರಾಜಭವನದ ಸಹಿಯಲ್ಲಿಯೇ, ಅಥವಾ ಬ್ಯಾಡಗಿ ತಾಲ್ಲೂಕಿನ ಒಬ್ಬ ತಾಯಿಯ ಜಗಲಿಯ ಮೇಲೆಯೇ? ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿಯೂ ರಾಜ್ಯದಲ್ಲಿಯೂ ಆಳುವವರು ನಿಧಾನಿಸಬೇಕಾದಲ್ಲಿ ಅವಸರಪಡುತ್ತಾರೆ, ಅವಸರಪಡಬೇಕಾದಲ್ಲಿ ನಿಧಾನಿಸುತ್ತಾರೆ. ಕಾನೂನು ರಚಿಸುವಾಗ ಓಟ, ಜಾರಿಗೆ ತರುವಾಗ ತೂಕಡಿಕೆ. ಈ ಅನ್ಯಾಯಕ್ಕೆ ಅವರೊಬ್ಬರೇ ಹೊಣೆಯಲ್ಲ, ನಾವೂ ಹೊಣೆ.

ಶಾಸನದ ದಾರಿ

ನಮ್ಮ ಸಂವಿಧಾನ ಹಾಕಿಕೊಟ್ಟ ದಾರಿ ಉದ್ದವಾದದ್ದು, ಬೇಕೆಂದೇ ಉದ್ದವಾಗಿಟ್ಟದ್ದು. ಯಾವ ವಿಷಯದಲ್ಲಿ ಕೇಂದ್ರ ಶಾಸನ ಮಾಡಬೇಕು, ಯಾವುದರಲ್ಲಿ ರಾಜ್ಯ ಮಾಡಬೇಕು, ಯಾವುದರಲ್ಲಿ ಇಬ್ಬರೂ ಮಾಡಬಹುದು ಎಂಬುದನ್ನು ಏಳನೆಯ ಅನುಸೂಚಿಯ ಮೂರು ಪಟ್ಟಿಗಳು ಹೇಳುತ್ತವೆ. ವಿಧೇಯಕವೊಂದು ಮೊದಲು ಸದನದಲ್ಲಿ ಮಂಡನೆಯಾಗಬೇಕು. ಎರಡನೆಯ ಹಂತದಲ್ಲಿ ಅದರ ತತ್ತ್ವವನ್ನೂ, ಆಮೇಲೆ ಒಂದೊಂದೇ ಖಂಡವನ್ನೂ ಸದಸ್ಯರು ಪರಿಶೀಲಿಸಬೇಕು. ಬೇಕಾದರೆ ಪರಿಶೀಲನಾ ಸಮಿತಿಗೆ ಒಪ್ಪಿಸಬೇಕು. ಮೂರನೆಯ ಹಂತದಲ್ಲಿ ಮತಕ್ಕೆ ಹಾಕಬೇಕು. ಎರಡು ಸದನಗಳಿರುವ ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಬಳಿಕ ವಿಧಾನ ಪರಿಷತ್ತು. ಆಮೇಲೆ ರಾಜ್ಯಪಾಲರ ಅಂಕಿತ. ಕೇಂದ್ರದಲ್ಲಾದರೆ ರಾಷ್ಟ್ರಪತಿಗಳ ಅಂಕಿತ. ಆಮೇಲೆ ರಾಜ್ಯಪತ್ರದಲ್ಲಿ ಪ್ರಕಟಣೆ. ಅಷ್ಟಕ್ಕೂ ಮುಗಿಯಲಿಲ್ಲ. ಅನೇಕ ಕಾಯ್ದೆಗಳಲ್ಲಿ ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ದಿನಾಂಕದಿಂದ ಜಾರಿಗೆ ಬರತಕ್ಕದ್ದು’ ಎಂಬ ಸಾಲೊಂದು ಇರುತ್ತದೆ. ಆ ದಿನಾಂಕ ಬರಬೇಕು, ನಿಯಮಗಳು ಬರಬೇಕು, ಸುತ್ತೋಲೆ ಬರಬೇಕು. ಆಗ ಮಾತ್ರ ಠಾಣೆಯ ಪೊಲೀಸರಿಗೆ, ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ‘ಆದೇಶ ಬಂದಿದೆ’ ಎಂದಾಗುತ್ತದೆ.

ಗುರುಮಠದಲ್ಲಿ ನಾವು ಸಂತ ಥಾಮಸ್ ಅಕ್ವಿನಾಸರನ್ನು ಓದಿದ್ದೆವು. ಕಾನೂನೆಂದರೇನು ಎಂಬುದಕ್ಕೆ ಅವರು ನಾಲ್ಕು ಗುರುತುಗಳನ್ನು ಕೊಟ್ಟರು. ಅದು ವಿವೇಚನೆಯಿಂದ ಹುಟ್ಟಿರಬೇಕು, ಸರ್ವರ ಒಳಿತಿಗಾಗಿ ಇರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬಂದಿರಬೇಕು, ಜನರಿಗೆ ಪ್ರಕಟವಾಗಿರಬೇಕು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದು ಕಾನೂನಿನ ವೇಷ ತೊಟ್ಟ ಆಜ್ಞೆ ಮಾತ್ರ. ಏಳುನೂರು ವರ್ಷಗಳಿಗೂ ಹಿಂದಿನ ಈ ಅಳತೆಗೋಲನ್ನು ಇಂದಿನ ನಮ್ಮ ಶಾಸನಸಭೆಗಳಿಗೆ ಹಿಡಿದು ನೋಡೋಣ.

ಧ್ವನಿಮತದ ಓಟ

2020ರ ಜೂನ್ 5ರಂದು, ದೇಶವೆಲ್ಲ ಸೋಂಕಿನ ಭಯದಲ್ಲಿ ಮನೆಯೊಳಗಿದ್ದಾಗ, ಕೇಂದ್ರ ಸರ್ಕಾರ ಕೃಷಿಗೆ ಸಂಬಂಧಿಸಿದ ಮೂರು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಕೃಷಿಯೂ ಸಂತೆ-ಮಾರುಕಟ್ಟೆಯೂ ರಾಜ್ಯಪಟ್ಟಿಯ ವಿಷಯಗಳು. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ ಎಂಬ ಎಳೆಯನ್ನು ಹಿಡಿದು ಕೇಂದ್ರ ಒಳಬಂದಿತು. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಗದ್ದಲದ ನಡುವೆ, ಮತವಿಭಜನೆಯ ಬೇಡಿಕೆಯನ್ನು ಬದಿಗೊತ್ತಿ, ಧ್ವನಿಮತದಿಂದ ಎರಡು ವಿಧೇಯಕಗಳು ಅಂಗೀಕಾರವಾದವು. ಮರುದಿನ ಎಂಟು ಮಂದಿ ಸದಸ್ಯರು ಅಮಾನತುಗೊಂಡರು. ಅದೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಆಯಿತು. ನವೆಂಬರ್ 26ರಿಂದ ರೈತರು ದೆಹಲಿಯ ಗಡಿಯಲ್ಲಿ ಕುಳಿತರು. 2021ರ ಜನವರಿ 12ರಂದು ಸರ್ವೋಚ್ಚ ನ್ಯಾಯಾಲಯ ಕಾಯ್ದೆಗಳ ಜಾರಿಗೆ ತಡೆ ನೀಡಿತು. ಕೊನೆಗೆ 2021ರ ನವೆಂಬರ್ 29ರಂದು ಉಭಯ ಸದನಗಳು ಒಂದೇ ದಿನದಲ್ಲಿ, ಚರ್ಚೆಯೇ ಇಲ್ಲದೆ, ಅವನ್ನು ರದ್ದುಪಡಿಸಿದವು.

ಇದನ್ನು ಗಮನಿಸಿ. ಕಾಯ್ದೆ ಬಂದಾಗಲೂ ಮಾತಿಲ್ಲ, ಹೋದಾಗಲೂ ಮಾತಿಲ್ಲ. ಯಾಕೆ ತಂದಿರಿ ಎಂದು ಕೇಳುವ ಹಕ್ಕಿದ್ದ ಸದನಕ್ಕೆ ಯಾಕೆ ತೆಗೆದಿರಿ ಎಂದು ಕೇಳುವ ಅವಕಾಶವೂ ಸಿಗಲಿಲ್ಲ. ಅವುಗಳಲ್ಲಿ ಒಳಿತಿತ್ತೋ ಕೆಡುಕಿತ್ತೋ ಎಂಬ ವಾದ ಬೇರೆ. ಒಳಿತಿದ್ದರೆ ಅದನ್ನು ಜನರಿಗೆ ಮನಗಾಣಿಸುವ ಅವಕಾಶವನ್ನು ಆಳುವವರು ತಾವೇ ಕಳೆದುಕೊಂಡರು.

ದೆಹಲಿಯ ಮಾತು ದೂರವಾಯಿತೆನ್ನುವಿರಾ? ಬೆಂಗಳೂರಿಗೆ ಬನ್ನಿ. ಅದೇ 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆಯಿಂದಲೇ ತಿದ್ದುಪಡಿ ತಂದಿತು. 1966ರಿಂದ ನಡೆದುಬಂದ ನಿಯಂತ್ರಿತ ಮಾರುಕಟ್ಟೆಯ ವ್ಯವಸ್ಥೆಯನ್ನು, ಅಂದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನಿಂತಿರುವ ನೆಲಗಟ್ಟನ್ನು, ಆ ಪೇಟೆಗೆ ಚೀಲ ತರುವ ಒಬ್ಬ ರೈತನನ್ನೂ ಕೇಳದೆ ಬದಲಾಯಿಸಲಾಯಿತು. ಜುಲೈ 13ರಂದು ಭೂಸುಧಾರಣಾ ಕಾಯ್ದೆಗೂ ಸುಗ್ರೀವಾಜ್ಞೆ ಬಂತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಕಲಮುಗಳು ಹೋದವು. ಹೋದದ್ದಷ್ಟೇ ಅಲ್ಲ, 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂದು ಭಾವಿಸತಕ್ಕದ್ದು ಎಂದು ಬರೆಯಲಾಯಿತು. ನಲವತ್ತಾರು ವರ್ಷ ಬಾಳಿದ ಕಾನೂನು ಬಾಳಲೇ ಇಲ್ಲವೆಂದು ಒಂದು ವಾಕ್ಯದಲ್ಲಿ ಸಾರುವಷ್ಟು ಶಕ್ತಿ ಈ ಲೇಖನಿಗಿದೆ.

ಬ್ಯಾಡಗಿಯ ಪ್ರಾಂಗಣದಲ್ಲಿ 2024ರ ಮಾರ್ಚ್ 11ರ ಸೋಮವಾರ ಏನಾಯಿತೆಂದು ನಿಮಗೆ ನೆನಪಿದೆ. ಮೆಣಸಿನಕಾಯಿ ದರ ಕುಸಿದುದಕ್ಕೆ ರೊಚ್ಚಿಗೆದ್ದ ಜನ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಆ ಬೆಂಕಿಗೆ ಒಂದು ಕಾಯ್ದೆಯೇ ಕಾರಣವೆಂದು ನಾನು ಹೇಳಲಾರೆ. ಬೆಂಕಿಯನ್ನು ಸಮರ್ಥಿಸಲೂ ಆರೆ. ಆದರೆ ತನ್ನ ಬದುಕಿನ ನಿಯಮ ರಚನೆಯಾಗುವಾಗ ಬಾಯಿ ತೆರೆಯಲು ಸ್ಥಳವಿಲ್ಲದ ಮನುಷ್ಯ, ಒಂದು ದಿನ ಬೀದಿಯಲ್ಲಿ ಬಾಯಿ ತೆರೆಯುತ್ತಾನೆ. ಸದನದಲ್ಲಿ ಉಳಿಸಿದ ಸಮಯವನ್ನು ಸಮಾಜ ಬಡ್ಡಿಸಮೇತ ತೆರುತ್ತದೆ.

ಮೂವತ್ತು ದಿನಗಳ ಲೆಕ್ಕ

ಈಗ ನಮ್ಮನ್ನು ನೇರವಾಗಿ ಮುಟ್ಟಿದ ಕಾಯ್ದೆಗೆ ಬರುತ್ತೇನೆ. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ಸಂರಕ್ಷಣಾ ವಿಧೇಯಕ 2021ರ ಡಿಸೆಂಬರ್ 23ರಂದು, ಕ್ರಿಸ್ತಜಯಂತಿಗೆ ಎರಡು ದಿನ ಮುಂಚೆ, ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಜಿಲ್ಲೆಯ ಶಿಗ್ಗಾವಿ ಕ್ಷೇತ್ರದ ಶ್ರೀ ಬಸವರಾಜ ಬೊಮ್ಮಾಯಿಯವರು. ವಿಧಾನ ಪರಿಷತ್ತಿನಲ್ಲಿ ಆಡಳಿತ ಪಕ್ಷಕ್ಕೆ ಬಹುಮತವಿರಲಿಲ್ಲ. 2022ರ ಫೆಬ್ರವರಿ-ಮಾರ್ಚ್‌ನಲ್ಲಿ ಪರಿಷತ್ತು ಸೇರಿತ್ತು. ವಿಧೇಯಕವನ್ನು ಅಲ್ಲಿ ತರಲಿಲ್ಲ. ಅಧಿವೇಶನ ಮುಗಿದ ಮೇಲೆ, ಮೇ 17ರಂದು, ಸುಗ್ರೀವಾಜ್ಞೆ ಹೊರಟಿತು. ಪರಿಷತ್ತಿನ ಬಲ ಬದಲಾದ ಬಳಿಕ ಸೆಪ್ಟೆಂಬರ್ 15ರಂದು ಅಲ್ಲಿ ಧ್ವನಿಮತ. ಆಮೇಲೆ ರಾಜ್ಯಪಾಲರ ಅಂಕಿತ. ಮೇ 17ರಿಂದಲೇ ಜಾರಿಯಲ್ಲಿತ್ತೆಂಬ ಘೋಷಣೆ.

ಸಂವಿಧಾನದ 213ನೆಯ ಅನುಚ್ಛೇದ ಸುಗ್ರೀವಾಜ್ಞೆಗೆ ಅವಕಾಶ ಕೊಟ್ಟದ್ದು ಸದನ ಸೇರಿಲ್ಲದಾಗ ತಕ್ಷಣ ಕ್ರಮ ಬೇಕಾದ ಸಂದರ್ಭಕ್ಕೆ. ಸದನ ಒಪ್ಪಲಿಕ್ಕಿಲ್ಲವೆಂಬ ಅಂಜಿಕೆಗೆ ಮದ್ದಾಗಿ ಅಲ್ಲ. ಪರಿಷತ್ತು ಒಪ್ಪದಿದ್ದರೂ ಏನಾಗುತ್ತಿತ್ತು? 197ನೆಯ ಅನುಚ್ಛೇದದ ಪ್ರಕಾರ ಅದು ಮೊದಲು ಮೂರು ತಿಂಗಳು, ವಿಧಾನಸಭೆ ಎರಡನೆಯ ಬಾರಿ ಕಳುಹಿಸಿದ ಮೇಲೆ ಒಂದು ತಿಂಗಳು ತಡೆಯಬಹುದಿತ್ತು, ಅಷ್ಟೆ. ಆ ನಾಲ್ಕು ತಿಂಗಳ ಪ್ರಶ್ನೆಗಳನ್ನು ಎದುರಿಸುವ ತಾಳ್ಮೆಯೂ ಇರಲಿಲ್ಲ.

ಆ ಕಾಯ್ದೆಯ ಒಂದು ನಿಯಮವನ್ನು ನೋಡಿ. ಮತಾಂತರವಾಗಬಯಸುವ ಪ್ರಜೆ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಇನ್ನೊಂದು ಕಡೆ, ಕೇಂದ್ರ ಸರ್ಕಾರ 2014ರಲ್ಲಿ ತಾನೇ ಒಂದು ನೀತಿ ಮಾಡಿಕೊಂಡಿತ್ತು: ಯಾವುದೇ ಶಾಸನದ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು ಎಂದು. ಆದರೆ ಅದು ನೀತಿ, ಕಾನೂನಲ್ಲ, ಮೀರಿದರೆ ಶಿಕ್ಷೆಯಿಲ್ಲ. ತನ್ನ ಅಂತರಂಗದ ನಂಬಿಕೆಯನ್ನು ಬದಲಿಸಿಕೊಳ್ಳುವ ಬಡವ 30 ದಿನ ಮುಂಚೆ ಸರ್ಕಾರಕ್ಕೆ ತಿಳಿಸದಿದ್ದರೆ ಅಪರಾಧಿ. ಕೋಟ್ಯಂತರ ಜನರ ಬದುಕಿನ ಕಾನೂನನ್ನು ಬದಲಿಸುವ ಸರ್ಕಾರ 30 ದಿನ ಮುಂಚೆ ಜನರಿಗೆ ತಿಳಿಸದಿದ್ದರೆ ಅದು ಕಾರ್ಯದಕ್ಷತೆ!

ಪವಿತ್ರ ಬೈಬಲ್ಲಿನ ದಾನಿಯೇಲನ ಗ್ರಂಥದ ಆರನೆಯ ಅಧ್ಯಾಯವನ್ನು ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಓದಿರಿ. ಅಲ್ಲಿಯೂ 30 ದಿನಗಳ ಒಂದು ಶಾಸನವಿದೆ. ಅಧಿಕಾರಿಗಳು ರಾಜ ದಾರ್ಯಾವೆಷನ ಬಳಿಗೆ ಗುಂಪಾಗಿ ಬಂದು, ‘ಎಲ್ಲ ಅಧಿಪತಿಗಳೂ ಒಮ್ಮತದಿಂದ ತೀರ್ಮಾನಿಸಿದ್ದೇವೆ’ ಎಂಬರ್ಥದಲ್ಲಿ ಬಿನ್ನವಿಸಿದರು. ಅದು ಸುಳ್ಳು, ಅಧಿಪತಿಗಳಲ್ಲೊಬ್ಬನಾಗಿದ್ದ ದಾನಿಯೇಲನನ್ನು ಯಾರೂ ಕೇಳಿರಲಿಲ್ಲ. ಅರಸ ಓದಿ ವಿಚಾರಿಸದೆ ಮೊಹರು ಒತ್ತಿದ. ಆ ಶಾಸನ ತನ್ನ ಅತ್ಯಂತ ನಂಬಿಗಸ್ತ ಸೇವಕನನ್ನು ಸಿಂಹದ ಗವಿಗೆ ನೂಕಿದಾಗ ಅದೇ ಅರಸ ರಾತ್ರಿಯಿಡೀ ನಿದ್ರೆಯಿಲ್ಲದೆ ಹೊರಳಾಡಿದ. ಅವಸರದ ಸಹಿಗೆ ಮೊದಲು ಸಿಕ್ಕಿಬೀಳುವವರು ಪ್ರಜೆಗಳು. ಕಡೆಗೆ ಸಿಕ್ಕಿಬೀಳುವವನು ಸಹಿ ಹಾಕಿದವನೇ.

ಇದು ಒಂದು ಪಕ್ಷದ ಮೇಲಿನ ದೂರಲ್ಲ. ಅದೇ ವಿಧೇಯಕ ಮಂಡನೆಯಾದ ದಿನ ಪ್ರತಿಪಕ್ಷದ ನಾಯಕರೊಬ್ಬರು ಅದರ ಪ್ರತಿಯನ್ನು ಸದನದಲ್ಲಿಯೇ ಹರಿದು ಹಾಕಿದರು. ನಮ್ಮಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಹರಿಯುವುದು ಚರ್ಚೆಯಲ್ಲ, ಒಂದೊಂದು ಖಂಡವನ್ನೂ ಓದಿ ಪ್ರಶ್ನಿಸುವುದು ಚರ್ಚೆ. ಸರ್ಕಾರ ಬದಲಾಯಿತು, ಚಾಳಿ ಬದಲಾಗಲಿಲ್ಲ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ವಿಧೇಯಕಗಳು ಅಂಗೀಕಾರವಾದವು. ಅದೇ ದಿನ 18 ಮಂದಿ ಶಾಸಕರು ಅಮಾನತುಗೊಂಡರು. ಸಂಸತ್ತಿನಲ್ಲಿ 2023ರ ಡಿಸೆಂಬರ್ ಅಧಿವೇಶನದಲ್ಲಿ ಪ್ರತಿಪಕ್ಷಗಳ 146 ಸದಸ್ಯರು ಅಮಾನತಿನಲ್ಲಿದ್ದರು. ದೇಶದ ದಂಡಸಂಹಿತೆಯನ್ನೇ ಬದಲಿಸುವ ಮೂರು ಕಾಯ್ದೆಗಳು ಆ ಖಾಲಿ ಪೀಠಗಳ ಮುಂದೆ ಅಂಗೀಕಾರವಾದವು. ಅವುಗಳಿಗೆ ಅಂಕಿತ ಬಿದ್ದದ್ದು ಡಿಸೆಂಬರ್ 25ರಂದು, ನಾವು ಕ್ರಿಸ್ತಜಯಂತಿಯ ಬಲಿಪೂಜೆಯಲ್ಲಿದ್ದಾಗ.

ಸುಗ್ರೀವಾಜ್ಞೆಯ ಈ ಚಟ ಹಳೆಯದು. ಬಿಹಾರದಲ್ಲಿ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳು ಹೊರಟಿದ್ದವು. ಕೆಲವನ್ನು ಸದನದ ಮುಂದಿಡದೆ ಮತ್ತೆ ಮತ್ತೆ ಹೊರಡಿಸಿ 14 ವರ್ಷಗಳವರೆಗೆ ಜೀವಂತವಿಡಲಾಗಿತ್ತು. ಡಿ.ಸಿ. ವಾಧ್ವಾ ಎಂಬ ಅರ್ಥಶಾಸ್ತ್ರಜ್ಞರು ಕಡತಗಳನ್ನು ಹುಡುಕಿ ತೆಗೆದು ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು. ಒಬ್ಬ ವ್ಯಕ್ತಿ ಕಡತ ಓದಿದ್ದರಿಂದ ಒಂದು ರಾಜ್ಯದ ಸುಳ್ಳು ಬಯಲಾಯಿತು ಎಂಬುದನ್ನು ನೆನಪಿಡಿ. ಕೊನೆಯಲ್ಲಿ ಇದಕ್ಕೆ ಮರಳುತ್ತೇನೆ.

ಜಾರಿಯ ತೂಕಡಿಕೆ

ರಚನೆಯಲ್ಲಿ ಇಷ್ಟು ಅವಸರವಾದರೆ ಜಾರಿಯಲ್ಲಿಯೂ ಅಷ್ಟೇ ಚುರುಕಿರಬೇಕಲ್ಲವೇ? ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದು 2019ರಲ್ಲಿ, ಮೂರು 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತನ್ನು ದಾಟಿದವು. ಅವು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಐದಾರು ವರ್ಷ ಕಾಯಲು ಸಾಧ್ಯವಿದ್ದ ಕಾಯ್ದೆಗಳನ್ನು ಐದಾರು ವಾರ ಸದನದಲ್ಲಿ ಕೂಲಂಕಷವಾಗಿ ಚರ್ಚಿಸಲು ಏನು ಅಡ್ಡಿಯಿತ್ತು? ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು ಹೊರಬಂದದ್ದು 2024ರ ಮಾರ್ಚ್ 11ರಂದು. ಮಹಿಳೆಯರಿಗೆ ಶಾಸನಸಭೆಗಳಲ್ಲಿ ಮೀಸಲಾತಿ ಕೊಡುವ 106ನೆಯ ತಿದ್ದುಪಡಿಯನ್ನು 2023ರಲ್ಲಿ ಹೂಮಳೆಗರೆದು ಸ್ವಾಗತಿಸಿದೆವು. ಜನಗಣತಿಯೂ ಕ್ಷೇತ್ರ ಪುನರ್ವಿಂಗಡಣೆಯೂ ಮುಗಿದ ಬಳಿಕವೇ ಎಂಬ ಸಾಲು ಅದರಲ್ಲಿಯೇ ಬರೆದಿತ್ತು. ಎಷ್ಟು ಮಂದಿ ಓದಿದೆವು?

ಮನಸ್ಸಿದ್ದರೆ ಬೇರೆ ದಾರಿಯಿತ್ತು. ಮಾಹಿತಿ ಹಕ್ಕು ಕಾಯ್ದೆಗೆ 2005ರ ಜೂನ್ 15ರಂದು ಅಂಕಿತ ಬಿತ್ತು. ಅಧಿಕಾರಿಗಳನ್ನು ನೇಮಿಸುವಂಥ ಕಲಮುಗಳು ಕೂಡಲೇ, ಉಳಿದವು 120ನೆಯ ದಿನ ಜಾರಿಗೆ ಬರಬೇಕೆಂದು ಕಾಯ್ದೆಯಲ್ಲಿಯೇ ಬರೆಯಲಾಗಿತ್ತು. ಆದ್ದರಿಂದ ಯಾವ ಮಂತ್ರಿಯ ಅಧಿಸೂಚನೆಗೂ ಕಾಯದೆ ಅಕ್ಟೋಬರ್ 12ರಂದು ಅದು ಪೂರ್ಣವಾಗಿ ಜಾರಿಗೆ ಬಂತು.

ನಮ್ಮ ರಾಜ್ಯದ ಭೂಸುಧಾರಣೆಯ ಕಥೆಯೂ ಪಾಠ ಹೇಳುತ್ತದೆ. 1961ರ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆಗಲೂ ಗೇಣಿದಾರನ ಕೈಗೆ ಹೊಲ ಬರಲಿಲ್ಲ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಭೂನ್ಯಾಯಮಂಡಳಿಗಳು ರಚನೆಯಾಗಿ, 7ನೆಯ ನಮೂನೆಯ ಅರ್ಜಿ ತುಂಬಿದಾಗ ಮಾತ್ರ ಉಳುವವನು ಒಡೆಯನಾದ. ಅರ್ಜಿಯ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ನಮ್ಮ ಧರ್ಮಕೇಂದ್ರಗಳಲ್ಲಿಯೂ ‘ಅಪ್ಪ ಡಿಕ್ಲರೇಶನ್ ಹಾಕಿದ್ದರಿಂದ ಈ ಭೂಮಿ ನಮ್ಮದಾಯಿತು’ ಎನ್ನುವ ಕುಟುಂಬಗಳಿವೆ. ‘ಯಾರೂ ನಮಗೆ ಹೇಳಲಿಲ್ಲ’ ಎಂದು ನಿಟ್ಟುಸಿರಿಡುವ ಕುಟುಂಬಗಳೂ ಇವೆ. ಕಾನೂನು ಎರಡು ಮನೆಗಳಿಗೂ ಒಂದೇ ಆಗಿತ್ತು. ವ್ಯತ್ಯಾಸವಿದ್ದದ್ದು ತಿಳಿವಳಿಕೆಯಲ್ಲಿ.

ಅಕ್ವಿನಾಸರ ನಾಲ್ಕನೆಯ ಗುರುತು ಪ್ರಕಟಣೆ. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ ಅದನ್ನು 1951ರಲ್ಲೇ ಎತ್ತಿಹಿಡಿಯಿತು. ಜಯಪುರ ಸಂಸ್ಥಾನದ ಅಫೀಮು ಕಾಯ್ದೆಯನ್ನು ಮಂತ್ರಿಮಂಡಲ ನಿರ್ಣಯದಿಂದ ಮಾಡಿತ್ತೇ ಹೊರತು ಎಲ್ಲಿಯೂ ಪ್ರಕಟಿಸಿರಲಿಲ್ಲ. ಅದರಡಿಯಲ್ಲಿ ಹರ್ಲಾ ಎಂಬಾತನಿಗೆ 50 ರೂಪಾಯಿ ದಂಡವಾಯಿತು. ಮುಚ್ಚಿದ ಕೋಣೆಯಲ್ಲಿ ಮಾಡಿ, ಜನರಿಗೆ ತಿಳಿಸದ ಕಾನೂನಿನಿಂದ ಯಾರನ್ನೂ ದಂಡಿಸಲಾಗದು ಎಂದು ನ್ಯಾಯಾಲಯ ಅವನನ್ನು ಬಿಡಿಸಿತು. ಕೇವಲ ಐವತ್ತು ರೂಪಾಯಿಯ ಪ್ರಕರಣ. ಆದರೆ ತತ್ತ್ವ ಬೆಲೆಕಟ್ಟಲಾಗದ್ದು. ಇಂದು ರಾಜ್ಯಪತ್ರದಲ್ಲಿ ಎಲ್ಲವೂ ಪ್ರಕಟವಾಗುತ್ತದೆ, ನಿಜ. ಆದರೆ ‘ತಕ್ಕದ್ದು’, ‘ಮೇಲ್ಕಂಡ’, ‘ಉಪಬಂಧ’ಗಳ ಆ ಕನ್ನಡವನ್ನು ಓದಿ ಅರ್ಥಮಾಡಿಕೊಳ್ಳುವ ಮನೆ ನಮ್ಮ ಹಳ್ಳಿಯಲ್ಲಿ ಎಷ್ಟಿವೆ? ಎಜ್ರನು ನೀರುಬಾಗಿಲಿನ ಮುಂದಿನ ಚೌಕದಲ್ಲಿ ಮುಂಜಾನೆಯಿಂದ ನಡುಹಗಲವರೆಗೆ ಧರ್ಮಶಾಸ್ತ್ರವನ್ನು ಓದಿದಾಗ, ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳಿದರು. ಜನ ಕೇಳಿ ಅತ್ತರು. ಪ್ರಕಟಣೆ ಎಂದರೆ ಅದು.

ಆ ತಾಯಿಯ ವಿಷಯಕ್ಕೆ ಮರಳುತ್ತೇನೆ. ಸುಗ್ರೀವಾಜ್ಞೆಯ ಪ್ರತಿ ಕೈಗೆ ಬಂದ ಮೇಲೆ ನಾನು ಓದಿದೆ. ನೋಂದಣಿಯಿಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರಿಗೆ ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಅದು ಅನ್ವಯಿಸದು. ಯಾಕೆಂದರೆ ಲೇವಾದೇವಿ ರಾಜ್ಯಪಟ್ಟಿಯ 30ನೆಯ ವಿಷಯ. ಬ್ಯಾಂಕಿಂಗ್ ಕೇಂದ್ರಪಟ್ಟಿಯ 45ನೆಯ ವಿಷಯ. ಆಕೆಗೆ ಮೂರು ಕಡೆ ಸಾಲವಿತ್ತು. ಯಾವುದು ಯಾವ ಪಟ್ಟಿಗೆ ಸೇರಿದ್ದೆಂದು ಆಕೆಗೆ ಗೊತ್ತಿರಲಿಲ್ಲ. ಚೀಟಿಗಳನ್ನು ಹರಡಿಕೊಂಡು ಕುಳಿತ ನನಗೂ ಅರ್ಧ ದಿನ ಹಿಡಿಯಿತು. ಒಂದು ಸಾಲಕ್ಕೆ ಮಾತ್ರ ಆ ಕಾನೂನಿನ ರಕ್ಷಣೆ ಸಿಗುವಂತಿತ್ತು. ದೆಹಲಿ-ಬೆಂಗಳೂರುಗಳ ನಡುವಿನ ಗೆರೆ ಒಬ್ಬ ಬಡ ಹೆಂಗಸಿನ ಜಗಲಿಯ ಮೇಲೆ ಹಾದುಹೋಗುವುದು ಹೀಗೆ.

ರಾಮನ ತಾಳ್ಮೆ

‘ಫಾದರ್, ಆ ಸುಗ್ರೀವಾಜ್ಞೆ ಬೇಗ ಬಂದಿದ್ದರೆ ಚೆನ್ನಾಗಿತ್ತೆನ್ನುತ್ತೀರಿ; ಉಳಿದವು ಬೇಗ ಬಂದವೆಂದು ಬೈಯುತ್ತೀರಿ. ಇದೆಂಥ ನ್ಯಾಯ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಮನೆಗೆ ಬೆಂಕಿ ಬಿದ್ದಾಗ ಸಭೆ ಕರೆಯುವುದಿಲ್ಲ, ನೀರು ತರುತ್ತೇವೆ. ಜನ ಊರು ಬಿಡುತ್ತಿದ್ದಾಗ, ಪ್ರಾಣ ಕಳೆದುಕೊಳ್ಳುತ್ತಿದ್ದಾಗ ಬಂದ ಸುಗ್ರೀವಾಜ್ಞೆ ನೀರಿನ ಕೊಡ. ಅದರಲ್ಲಿಯೂ ಶಿಕ್ಷೆಯ ಪ್ರಮಾಣವನ್ನು ಪ್ರಶ್ನಿಸಿದ ರಾಜ್ಯಪಾಲರನ್ನು ನಾನು ದೂರುವುದಿಲ್ಲ. ಪ್ರಶ್ನೆ ಐದು ದಿನಗಳಲ್ಲಿ ಉತ್ತರ ಕಂಡಿತು. ಮುಂದಿನ ಅಧಿವೇಶನದಲ್ಲಿ ಅದು ವಿಧೇಯಕವಾಗಿ ಸದನದ ಮುಂದೆ ಬಂದೂ ಬಂತು. ಆದರೆ ಭೂಮಿಯ ಒಡೆತನ, ಮಾರುಕಟ್ಟೆಯ ವ್ಯವಸ್ಥೆ, ಮನುಷ್ಯನ ಆತ್ಮಸಾಕ್ಷಿ ಇವಾವುವೂ ಅಂದು ಸಂಜೆಯೊಳಗೆ ಆರಿಸಬೇಕಾದ ಬೆಂಕಿಗಳಾಗಿರಲಿಲ್ಲ. ಅಲ್ಲಿ ಅವಸರಕ್ಕಿದ್ದ ಕಾರಣ ಒಂದೇ: ಪ್ರಶ್ನೆಯ ಭಯ.

‘ಸದನದಲ್ಲಿ ಬರೀ ಕೂಗಾಟ; ಚರ್ಚೆಯಿಂದ ಏನು ಉಪಯೋಗ?’ ಎಂಬುದು ಇನ್ನೊಂದು ವಾದ. ಪಂಕ್ತಿಯಲ್ಲಿ ಜಗಳವಾಯಿತೆಂದು ಊಟವನ್ನೇ ನಿಲ್ಲಿಸುತ್ತೇವೆಯೇ?

ಕಾಗಿನೆಲೆಯ ಆದಿಕೇಶವನ ಭಕ್ತರಾದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಒಂದು ವ್ಯಾಜ್ಯವನ್ನು ಹೇಳುತ್ತಾರೆ. ನೆಲ್ಲು ಶ್ರೇಷ್ಠವೋ ರಾಗಿ ಶ್ರೇಷ್ಠವೋ ಎಂಬ ಜಗಳ ರಾಮನ ಸಭೆಗೆ ಬಂತು. ನೆಲ್ಲು ಉಳ್ಳವರ ಧಾನ್ಯ, ರಾಗಿ ಬಡವರದು. ಸಭೆಯಲ್ಲಿ ಎರಡೂ ಗಟ್ಟಿಯಾಗಿಯೇ ವಾದಿಸಿದವು. ರಾಮ ಅಂದೇ ತೀರ್ಪು ಕೊಡಬಹುದಿತ್ತು. ಅವನು ಅರಸ, ಅವನ ಮಾತೇ ಶಾಸನ. ಆದರೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಅವಧಿ ಮುಗಿದಾಗ ನೆಲ್ಲು ಕೆಟ್ಟಿತ್ತು, ರಾಗಿ ಗಟ್ಟಿಯಾಗಿ ಉಳಿದಿತ್ತು. ಆಮೇಲೆ ತೀರ್ಪು, ಬಡವರ ಧಾನ್ಯಕ್ಕೆ ‘ರಾಘವ’ನೆಂಬ ಹೆಸರು. ಎರಡೂ ಪಕ್ಷವನ್ನು ಕೇಳು, ಕಾಲದ ಪರೀಕ್ಷೆಗೆ ಒಡ್ಡು, ಆಮೇಲೆ ನಿರ್ಣಯಿಸು. ಪರಿಶೀಲನಾ ಸಮಿತಿಯೆಂದರೆ ಇದಲ್ಲದೆ ಮತ್ತೇನು? ರಾಮಾಯಣದಿಂದ ನಮ್ಮ ಸರ್ಕಾರಗಳು ಸುಗ್ರೀವನ ಆಜ್ಞೆಯನ್ನು ಕಲಿತವು. ಕನಕದಾಸರ ರಾಮನ ತಾಳ್ಮೆಯನ್ನು ಕಲಿಯಲಿಲ್ಲ.

ನಮ್ಮ ಪಾಲಿನ ತಪ್ಪು

ಈಗ ಕಹಿ ಮಾತು. ಧಾರ್ಮಿಕ ಸ್ವಾತಂತ್ರ್ಯದ ವಿಧೇಯಕ ಬಂದಾಗ ನಾವು ಎಚ್ಚೆತ್ತೆವು. ಧರ್ಮಾಧ್ಯಕ್ಷರು ಮನವಿ ಸಲ್ಲಿಸಿದರು, ಮೇಣದ ಬತ್ತಿ ಹಿಡಿದು ನಿಂತೆವು, ಪ್ರಾರ್ಥಿಸಿದೆವು. ಸರಿಯೇ. ಆದರೆ ಅದಕ್ಕೆ ಒಂದೂವರೆ ವರ್ಷದ ಹಿಂದೆ ಅದೇ ಸುಗ್ರೀವಾಜ್ಞೆಯ ದಾರಿಯಲ್ಲಿ ನೆರೆಯ ರೈತನ ಹೊಲದ ಕಾನೂನು ಬದಲಾದಾಗ ನಾವೆಲ್ಲಿದ್ದೆವು? ನನ್ನ ಪ್ರಬೋಧನೆಗಳ ಹಳೆಯ ಟಿಪ್ಪಣಿಗಳನ್ನು ತೆರೆದು ನೋಡಿದೆ. 2020ರ ಆ ತಿಂಗಳುಗಳಲ್ಲಿ ಒಂದು ಸಾಲೂ ಇಲ್ಲ. ಆ ದಾರಿ ತಪ್ಪೆಂದು ಅಂದೇ ಹೇಳಿದ್ದರೆ, ನಮ್ಮ ಸರದಿ ಬಂದಾಗ ನಮ್ಮ ಮಾತಿಗೆ ತೂಕವಿರುತ್ತಿತ್ತು. ತನ್ನ ಮನೆಯ ಗೋಡೆಗೆ ಬಿಸಿ ತಟ್ಟಿದಾಗ ಮಾತ್ರ ಕೂಗುವವನ ಕೂಗು ಊರಿಗೆ ಕೇಳಿಸುವುದಿಲ್ಲ.

ಎಚ್ಚರವೂ ಅಲ್ಪಾಯುಷಿಯಾಗಿತ್ತು. 2023ರ ಜೂನ್ 15ರಂದು ಹೊಸ ಸಚಿವ ಸಂಪುಟ ಆ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿದಾಗ ನಾವು ಸಿಹಿ ಹಂಚಿ ಮಲಗಿದೆವು. ಸಂಪುಟದ ತೀರ್ಮಾನ ಕಾಯ್ದೆಯನ್ನು ರದ್ದುಪಡಿಸಲಾರದು. ಕಾಯ್ದೆಯನ್ನು ತೆಗೆಯಲು ಇನ್ನೊಂದು ಕಾಯ್ದೆಯೇ ಎರಡೂ ಸದನಗಳನ್ನು ದಾಟಿ, ಅಂಕಿತ ಪಡೆದು ಬರಬೇಕು. ‘ಪಾಸಾಗೇತಲ್ರೀ?’ ಎಂದು ಕೇಳಿದ ಆ ತಾಯಿಯ ಅಜ್ಞಾನಕ್ಕೆ ಮರುಗಿದ ನಾವು, ವಿದ್ಯಾವಂತರು, ಅದೇ ತಪ್ಪನ್ನು ಮಾಡಿದ್ದೆವು.

ಏನು ಮಾಡೋಣ? ದೊಡ್ಡ ಚಳವಳಿ ಬೇಡ. ನಮ್ಮ ಜಿಲ್ಲೆಗೆ ಆರು ಮಂದಿ ಶಾಸಕರಿದ್ದಾರೆ. ಪ್ರತಿ ಅಧಿವೇಶನದ ಬಳಿಕ ಅವರನ್ನು ಕಂಡು ಮೂರು ಪ್ರಶ್ನೆ ಕೇಳೋಣ: ಯಾವ ವಿಧೇಯಕಗಳು ಬಂದವು? ನೀವು ಓದಿದಿರಾ? ಏನು ಮಾತನಾಡಿದಿರಿ? ರಸ್ತೆ, ಸಮುದಾಯ ಭವನಗಳಿಗಾಗಿ ಅವರ ಬಾಗಿಲು ತಟ್ಟುವ ನಾವು ಅವರ ಮೂಲ ಕೆಲಸದ ಲೆಕ್ಕವನ್ನು ಒಮ್ಮೆಯೂ ಕೇಳಿಲ್ಲ. ಪರಿಶೀಲನಾ ಸಮಿತಿಗಳು ಅಭಿಪ್ರಾಯ ಆಹ್ವಾನಿಸಿದಾಗ ಒಂದು ಪುಟದ ಪತ್ರವನ್ನಾದರೂ ಬರೆಯೋಣ. ಗ್ರಾಮಸಭೆಯ ದಿನ ಮನೆಯಲ್ಲಿ ಕೂರದಿರೋಣ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಒಂದು ಕಾಯ್ದೆಯನ್ನು ಆಡುಗನ್ನಡದಲ್ಲಿ ಓದಿ ಬಿಡಿಸಿ ಹೇಳೋಣ. ನಮ್ಮವರಲ್ಲಿ ವಕೀಲರಿದ್ದಾರೆ, ಶಿಕ್ಷಕರಿದ್ದಾರೆ, ನಿವೃತ್ತ ಗುಮಾಸ್ತರಿದ್ದಾರೆ. ಅದಕ್ಕೆ ನೆರೆಹೊರೆಯ ಎಲ್ಲರನ್ನೂ ಕರೆಯೋಣ. ಕಡತ ಓದಿದ ಒಬ್ಬ ವಾಧ್ವಾ ಒಂದು ರಾಜ್ಯವನ್ನು ನಿಲ್ಲಿಸಿ ಕೇಳಿದರು. ಒಂದು ಧರ್ಮಕೇಂದ್ರಕ್ಕೆ ಒಬ್ಬರಾದರೂ ಓದುವವರು ಬೇಡವೇ?

ನನ್ನ ಧರ್ಮಕೇಂದ್ರದಲ್ಲಿ ಇದನ್ನು ಆರಂಭಿಸಿದ್ದೇವೆ. ಮೊದಲ ಭಾನುವಾರ ಹನ್ನೊಂದು ಜನ ಉಳಿದರು. ಓದಿದ್ದು ಕಿರುಸಾಲದ ಕಾಯ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದವರು ಆ ತಾಯಿ. ಮೂರು ಚೀಟಿಗಳನ್ನೂ ಕೈಚೀಲದಲ್ಲಿ ತಂದಿದ್ದರು. ಓದು ಮುಗಿದ ಮೇಲೆ ಕೇಳಿದರು: “ಫಾದರ್, ಇದನ್ನ ನಮ್ಮ ಸಂಘದ ಹೆಣ್ಮಕ್ಕಳಿಗೂ ಒಂದ್ಸಲ ಓದಿ ಹೇಳ್ತೀರೇನ್ರೀ?”